ಕೂಡಿಸಬೇಕೋ, ಕಳೆಯಬೇಕೋ? ದ್ರವಸ್ತಂಭದಿಂದ ಅನಿಲದ ಒತ್ತಡವನ್ನು ಅಳೆಯುವ ಬಗೆ

ನಮ್ಮ ವಾಚನಾಲಯದಲ್ಲಿ ಸಂಜೆ ಕುಳಿತು ಓದುವ ವಿದ್ಯಾರ್ಥಿಗಳಲ್ಲಿ ಅನೇಕರು ಒಂದು ಲೆಕ್ಕದಲ್ಲಿ ಮತ್ತೆ ಮತ್ತೆ ಎಡವುತ್ತಾರೆ. ಯು-ಆಕಾರದ ಗಾಜಿನ ಕೊಳವೆ, ಅದರಲ್ಲಿ ಪಾದರಸ. ಒಂದು ತುದಿ ಅನಿಲದ ಪಾತ್ರೆಗೆ ಸೇರಿದೆ, ಇನ್ನೊಂದು ತುದಿ ಬಯಲಿಗೆ ತೆರೆದಿದೆ. ಎರಡು ಮಟ್ಟಗಳ ಅಂತರ 120 ಮಿಲಿಮೀಟರ್. ಹಾಗಾದರೆ ಅನಿಲದ ಒತ್ತಡವೆಷ್ಟು? ಈ 120ನ್ನು ಕೂಡಿಸಬೇಕೋ, ಕಳೆಯಬೇಕೋ ಎಂಬಲ್ಲಿಯೇ ಗೊಂದಲ. ಸೂತ್ರವನ್ನು ಬಾಯಿಪಾಠ ಮಾಡುವುದಕ್ಕಿಂತ ಕೊಳವೆಯೊಳಗೆ ನಡೆಯುವುದೇನೆಂದು ತಿಳಿದುಕೊಳ್ಳುವುದೇ ಮೇಲು.

ಕೊಳವೆಯ ಎರಡು ತೋಳುಗಳಲ್ಲಿಯೂ ದ್ರವವನ್ನು ಅನಿಲ ಕೆಳಕ್ಕೆ ಒತ್ತುತ್ತಿರುತ್ತದೆ. ಒಂದು ಕಡೆ ಪಾತ್ರೆಯ ಅನಿಲ, ಇನ್ನೊಂದು ಕಡೆ ಹೊರಗಿನ ಗಾಳಿ. ಯಾವ ಕಡೆ ಒತ್ತಡ ಹೆಚ್ಚೋ ಆ ಕಡೆ ದ್ರವ ಇಳಿಯುತ್ತದೆ, ಎದುರು ಕಡೆ ಏರುತ್ತದೆ. ಏರಿದ ದ್ರವದ ತೂಕವು ಕಡಿಮೆ ಒತ್ತಡದ ಪಕ್ಷಕ್ಕೆ ಬೆಂಬಲವಾಗಿ ನಿಂತು ಎರಡೂ ಸರಿಸಮವಾದಾಗ ದ್ರವ ನಿಲ್ಲುತ್ತದೆ. ಆದ್ದರಿಂದ ನೆನಪಿಡಬೇಕಾದ ಮಾತು ಒಂದೇ: ದ್ರವ ತಗ್ಗಿರುವ ಕಡೆಯ ಒತ್ತಡವೇ ಹೆಚ್ಚು. ಅದು ಎದುರು ಕಡೆಯ ಒತ್ತಡ ಮತ್ತು ಸ್ತಂಭದ ಎತ್ತರ ಎರಡೂ ಸೇರಿದಷ್ಟು.

ಈಗ ಲೆಕ್ಕ ಸುಲಭ. ಹೊರಗಿನ ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸ ಎಂದಿಟ್ಟುಕೊಳ್ಳೋಣ. ಅನಿಲದ ಕಡೆ ಪಾದರಸ 120 ಮಿಲಿಮೀಟರ್ ತಗ್ಗಿದ್ದರೆ ಅನಿಲದ ಒತ್ತಡ 880. ಅದೇ ಕಡೆ 120 ಮಿಲಿಮೀಟರ್ ಏರಿದ್ದರೆ 640. ಕೊಳವೆ ದಪ್ಪವೋ ಸಣ್ಣದೋ ಎಂಬುದು ಲೆಕ್ಕಕ್ಕಿಲ್ಲ. ದಪ್ಪ ಕೊಳವೆಯಲ್ಲಿ ದ್ರವದ ತೂಕ ಹೆಚ್ಚಾದರೂ ಅದನ್ನು ಹೊರುವ ತಳವೂ ಅಷ್ಟೇ ಅಗಲವಾಗಿರುತ್ತದೆ. ಕೊಳವೆ ಓರೆಯಾಗಿದ್ದರೆ ಓರೆಯ ಉದ್ದವನ್ನಲ್ಲ, ನೆಟ್ಟಗಿನ ಎತ್ತರವನ್ನೇ ಅಳೆಯಬೇಕು.

ಇಲ್ಲಿ ಮರೆಯಬಾರದ ಸಂಗತಿಯೊಂದಿದೆ. ಕೊಳವೆ ತೋರಿಸುವುದು ವ್ಯತ್ಯಾಸವನ್ನು ಮಾತ್ರ. ಇಬ್ಬರ ಸಂಬಳಕ್ಕೆ ನೂರು ರೂಪಾಯಿ ಅಂತರವೆಂದು ಹೇಳಿದರೆ ಒಬ್ಬೊಬ್ಬರ ಸಂಬಳವೆಷ್ಟೆಂದು ತಿಳಿಯುವುದೆ? ಹಾಗೆಯೇ ಇದು. 1648ರ ಸೆಪ್ಟೆಂಬರ್ 19ರಂದು ಫ್ರಾನ್ಸಿನ ಪಸ್ಕಾಲನ ಕೋರಿಕೆಯಂತೆ ಅವನ ಭಾವ ಪೆರಿಯೆ, ಪ್ಯುಯಿ ದ ಡೋಮ್ ಬೆಟ್ಟದ ತುದಿಗೆ ಪಾದರಸದ ಕೊಳವೆಯನ್ನು ಒಯ್ದು ನೋಡಿದಾಗ, ಸ್ತಂಭ ಮೂರು ಅಂಗುಲಕ್ಕೂ ಮಿಕ್ಕಿ ಇಳಿದಿತ್ತು. ಮೇಲೇರಿದಂತೆ ಗಾಳಿಯ ಒತ್ತಡ ಕುಗ್ಗುತ್ತದೆಂಬುದು ಹೀಗೆ ಸಿದ್ಧವಾಯಿತು. ಮುಂಬಯಿ ಸಮುದ್ರದ ಮಟ್ಟದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಸುಮಾರು 760. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಸುಮಾರು 685. ಮೇಲಿನ ಮೊದಲನೆಯ ಲೆಕ್ಕದ 120 ಮಿಲಿಮೀಟರ್ ಅಂತರವೇ ಬೆಂಗಳೂರಿನಲ್ಲಿ ಕಂಡರೆ ಅನಿಲದ ಒತ್ತಡ 880 ಅಲ್ಲ, 805.

ಇನ್ನು ದ್ರವದ ಆಯ್ಕೆ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಆದ್ದರಿಂದ 10 ಮಿಲಿಮೀಟರ್ ಪಾದರಸ ತೋರಿಸುವ ವ್ಯತ್ಯಾಸವನ್ನು ನೀರು 136 ಮಿಲಿಮೀಟರಾಗಿ ತೋರಿಸುತ್ತದೆ. ದೊಡ್ಡ ವ್ಯತ್ಯಾಸಕ್ಕೆ ಪಾದರಸ, ಸಣ್ಣದಕ್ಕೆ ನೀರು.

ಕಾರ್ಖಾನೆಯ ಬಾಯ್ಲರಿನ ಚಿಮಣಿಯನ್ನು ತೆಗೆದುಕೊಳ್ಳೋಣ. ಅದರ ಎತ್ತರ 30 ಮೀಟರ್. ಹೊರಗಿನ ಗಾಳಿ ಘನಮೀಟರಿಗೆ 1.17 ಕಿಲೋಗ್ರಾಂ, ಸುಮಾರು 200 ಡಿಗ್ರಿ ಸೆಂಟಿಗ್ರೇಡ್ ಕಾವಿನ ಹೊಗೆ 0.75 ಕಿಲೋಗ್ರಾಂ ತೂಗುತ್ತವೆ. ಅಂತರ 0.42. ಇದನ್ನು 30ರಿಂದ ಗುಣಿಸಿದರೆ ಚದರ ಮೀಟರಿಗೆ 12.6 ಕಿಲೋಗ್ರಾಂ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್, ಎಂದರೆ ಒಂದು ಕಿಲೋಗ್ರಾಂ. ಹಾಗಾಗಿ ಚಿಮಣಿಯ ಸೆಳೆತ ಹೆಚ್ಚೆಂದರೆ 12.6 ಮಿಲಿಮೀಟರ್ ನೀರು. ಪಾದರಸದಲ್ಲಾದರೆ ಒಂದು ಮಿಲಿಮೀಟರೂ ಆಗದು, ಕಣ್ಣಿಗೆ ಕಾಣುವುದೇ ಕಷ್ಟ.

ಇಷ್ಟು ಸಣ್ಣ ಅಂತರದ ಮೇಲೆ ಬೆಂಕಿಯ ಮುಂದೆ ನಿಂತು ದುಡಿಯುವವನ ಪ್ರಾಣ ನಿಂತಿದೆ. ಸರಿಯಾದ ಸೆಳೆತವಿದ್ದಾಗ ಚಿಮಣಿಯ ಬುಡಕ್ಕೆ ಸೇರಿದ ತೋಳಿನಲ್ಲಿ ನೀರು ಏರಿರುತ್ತದೆ. ಬೆಂಕಿ ಉರಿಯುತ್ತಿದ್ದೂ ಎರಡು ತೋಳುಗಳಲ್ಲಿ ನೀರು ಸಮವಾಗಿದ್ದರೆ ಅದನ್ನು ಶಾಂತಿಯ ಲಕ್ಷಣವೆಂದು ತಿಳಿಯಬಾರದು. ಸೆಳೆತ ನಿಂತಿರಬಹುದು, ಇಲ್ಲವೆ ಕೊಳವೆಯೇ ಕಳಚಿರಬಹುದು. ಸೆಳೆತ ನಿಂತಾಗ ಒಲೆಯ ಬಾಗಿಲು ತೆರೆದರೆ ಜ್ವಾಲೆ ಮುಖಕ್ಕೆ ನುಗ್ಗೀತು. ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಕೋಣೆಗೆ ಹರಿದೀತು. ಕಾರಣ ತಿಳಿಯುವ ತನಕ ಬಾಗಿಲಿಗೆ ಕೈ ಹಾಕದಿರುವುದೇ ಕ್ಷೇಮ.

ಮನೆಯಲ್ಲಿ ಪ್ರಯೋಗ ಮಾಡಬಯಸುವವರು ಪಾದರಸವನ್ನು ಮುಟ್ಟಬಾರದು, ಅದರ ಆವಿ ವಿಷ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಬಾಗಿಸಿ ಹಲಗೆಗೆ ಕಟ್ಟಿ, ತೊಟ್ಟು ಶಾಯಿ ಬೆರೆಸಿದ ನೀರನ್ನು ಅರ್ಧಕ್ಕೆ ತುಂಬಿ, ಒಂದು ತುದಿಯಿಂದ ಮೆಲ್ಲಗೆ ಊದಿದರೆ ಸಾಕು, ಉಸಿರಿನ ಒತ್ತಡ ಎಷ್ಟು ಅಂಗುಲ ನೀರೆಂಬುದು ಕಾಣುತ್ತದೆ.

ಅಭ್ಯಾಸಕ್ಕೊಂದು ಲೆಕ್ಕ: ಅನಿಲದ ಕಡೆ ನೀರು 204 ಮಿಲಿಮೀಟರ್ ಏರಿದೆ, ಹೊರಗಿನ ಒತ್ತಡ 760 ಮಿಲಿಮೀಟರ್ ಪಾದರಸ. ಅನಿಲದ ಒತ್ತಡವೆಷ್ಟು? ಮೊದಲು 204ನ್ನು 13.6ರಿಂದ ಭಾಗಿಸಿ ಪಾದರಸಕ್ಕೆ ತಂದುಕೊಳ್ಳಬೇಕು. ಬಳಿಕ ಯಾವ ಕಡೆ ತಗ್ಗಿದೆಯೆಂದು ನೋಡಬೇಕು. 745 ಬಂದವರಿಗೆ ಈ ಪಾಠ ಕೈವಶವಾಯಿತೆಂದೇ ಅರ್ಥ.