ಮಗ ರೋಜಾ ಹಿಡಿದಿದ್ದಾನೆ, ಊರವರು ಆಡಿಕೊಳ್ಳುತ್ತಿದ್ದಾರೆ

ಪ್ರಶ್ನೆ: ನನ್ನ ಮಗ ಐಟಿಐ ಮುಗಿಸಿ ಕುವೈತಿನಲ್ಲಿ ಎಸಿ ಮೆಕ್ಯಾನಿಕ್ ಕೆಲಸಕ್ಕೆ ಸೇರಿದ್ದಾನೆ. ಹೋಗಿ ಇನ್ನೂ ವರ್ಷ ತುಂಬಿಲ್ಲ. ರೂಮಿನಲ್ಲಿ ಜೊತೆಗಿರುವ ಮೂವರೂ ಮುಸ್ಲಿಮರು, ಇಬ್ಬರು ಕೇರಳದವರು, ಒಬ್ಬ ಭಟ್ಕಳದವನು. ರಂಜಾನ್ ಶುರುವಾದ ಮೇಲೆ ಇವನೂ ಹಗಲೂಟ ಬಿಟ್ಟಿದ್ದಾನೆ. ಕೇಳಿದರೆ "ಅವರೆಲ್ಲಾ ಉಪವಾಸ ಇರುವಾಗ ನಾನೊಬ್ಬ ಹೆಂಗೆ ಉಣ್ಣಲಿ ಕಣವ್ವ" ಅಂತಾನೆ. ಸಂಜೆ ಅವರ ಜೊತೆ ಕೂತು ಖರ್ಜೂರ ತಿನ್ನುವ ಫೋಟೊವನ್ನು ಸ್ಟೇಟಸ್‌ಗೆ ಹಾಕಿದ. ನಮ್ಮ ಭಾವನವರು ಅದನ್ನು ನೋಡಿ, "ನಿನ್ನ ಮಗ ಸಾಬರ ಜೊತೆ ಸೇರಿ ಸಾಬನೇ ಆಗೋದ" ಎಂದು ನಾಲ್ಕು ಜನರ ಮುಂದೆ ಅಂದರು. ನಾಗಮಂಗಲದ ಕಡೆಯಿಂದ ಒಂದು ಹೆಣ್ಣಿನ ಮಾತು ನಡೆಯುತ್ತಿದೆ. ಅವರ ಕಿವಿಗೆ ಬಿದ್ದರೆ ಏನು ಗತಿ? ಮೊದಲೆಲ್ಲ ರಾತ್ರಿ ಎಂಟಕ್ಕೆ ಫೋನ್ ಮಾಡಿದರೆ ತಕ್ಷಣ ಎತ್ತುತ್ತಿದ್ದ, ಈಗ ಎತ್ತುವುದಿಲ್ಲ. ನನಗೆ ನಿದ್ದೆಯಿಲ್ಲ.
— ಹೆಸರು ಬೇಡ, ಚಿನಕುರಳಿ

ಅಕ್ಕಾ, ಮೊದಲು ಫೋನಿನ ವಿಷಯ ಮುಗಿಸಿಬಿಡೋಣ, ನಿಮ್ಮ ನಿದ್ದೆ ಕೆಟ್ಟಿರುವುದು ಅರ್ಧ ಅದರಿಂದಲೇ. ಕುವೈತಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ನಿಮ್ಮ ರಾತ್ರಿ ಎಂಟು ಅಂದರೆ ಅಲ್ಲಿ ಸಂಜೆ ಐದೂವರೆ. ಈ ದಿನಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ಹೆಚ್ಚುಕಡಿಮೆ ಐದೂಮುಕ್ಕಾಲಿಗೆ. ಅಂದರೆ ನೀವು ಕರೆ ಮಾಡುವ ಹೊತ್ತಿಗೆ ಆ ರೂಮಿನಲ್ಲಿ ಒಬ್ಬ ಕಲ್ಲಂಗಡಿ ಹೆಚ್ಚುತ್ತಿರುತ್ತಾನೆ, ಒಬ್ಬ ಸಮೋಸ ಕರಿಯುತ್ತಿರುತ್ತಾನೆ, ಇನ್ನೊಬ್ಬ ನೆಲಕ್ಕೆ ಪ್ಲಾಸ್ಟಿಕ್ ಹಾಸಿ ಖರ್ಜೂರ, ಮಜ್ಜಿಗೆ ಜೋಡಿಸುತ್ತಿರುತ್ತಾನೆ. ನಿಮ್ಮ ಮಗ ಕೆಲಸ ಮುಗಿಸಿ ಇನ್ನೂ ಕಂಪನಿ ಬಸ್ಸಿನಲ್ಲಿದ್ದರೂ ಇರಬಹುದು. ಇಫ್ತಾರ್‌ಗೆ ಮುಂಚಿನ ಆ ಒಂದು ಗಂಟೆ ಗಲ್ಫಿನ ರಸ್ತೆಗಳಲ್ಲಿ ಎಲ್ಲರೂ ಮನೆ ಸೇರುವ ಅವಸರದಲ್ಲಿರುತ್ತಾರೆ. ರಾತ್ರಿ ಒಂಬತ್ತೂವರೆಗೆ ಮಾಡಿ ನೋಡಿ. ಅಲ್ಲಿ ಏಳು ಗಂಟೆ, ಹೊಟ್ಟೆ ತುಂಬಿರುತ್ತದೆ, ಮಾತೂ ಬರುತ್ತದೆ.

ಇನ್ನು ಅವನು ಹಗಲೂಟ ಬಿಟ್ಟಿದ್ದಕ್ಕೆ ಸ್ನೇಹವೊಂದೇ ಕಾರಣವಾಗಿರಲಾರದು. ಕುವೈತಿನಲ್ಲಿ 1968ರ 44ನೇ ಕಾನೂನು ಅಂತ ಒಂದಿದೆ. ರಂಜಾನ್ ತಿಂಗಳ ಹಗಲಿನಲ್ಲಿ ನಾಲ್ಕು ಜನ ಕಾಣುವ ಜಾಗದಲ್ಲಿ ತಿಂದರೆ, ಕುಡಿದರೆ 100 ದಿನಾರ್‌ವರೆಗೆ ದಂಡ, ಒಂದು ತಿಂಗಳವರೆಗೆ ಜೈಲು, ಅಥವಾ ಎರಡೂ. ನಾನು ಹಿಂದೂ, ನನಗೆ ಉಪವಾಸವಿಲ್ಲ ಅಂದರೆ ಅದು ಬಿಡುವುದಿಲ್ಲ. ನೀರು, ಬೀಡಿ, ಸಿಗರೇಟು ಎಲ್ಲಕ್ಕೂ ಅನ್ವಯ. ಹಗಲು ಹೋಟೆಲುಗಳೂ ಮುಚ್ಚಿರುತ್ತವೆ. ಕಾರಿನೊಳಗೂ ಬಾಟಲಿ ಎತ್ತಬೇಡ ಅಂತ ಅಲ್ಲಿನ ಹಳಬರು ಹೊಸಬರಿಗೆ ಹೇಳಿಕೊಡುತ್ತಾರೆ. ರೂಮಿನ ಬಾಗಿಲು ಹಾಕಿಕೊಂಡು ಉಂಡರೆ ಯಾರ ತಕರಾರೂ ಇಲ್ಲ. ಆದರೆ ಎಸಿ ರಿಪೇರಿ ಮಾಡುವವನು ಹಗಲೆಲ್ಲ ಇರುವುದು ಊರವರ ಮನೆಯಲ್ಲಿ, ಕಟ್ಟಡದ ತಾರಸಿ ಮೇಲೆ. ಮಧ್ಯಾಹ್ನ ರೂಮಿಗೆ ಬಂದು ಉಂಡು ಹೋಗುವುದು ಎಷ್ಟೋ ಜನಕ್ಕೆ ಆಗದ ಮಾತು. ಹೇಗೂ ಉಣ್ಣಲಾಗದ ಮೇಲೆ ರೋಜಾ ಅಂತಲೇ ಇಟ್ಟುಕೊಂಡುಬಿಟ್ಟ ಹಿಂದೂ, ಕ್ರೈಸ್ತ ಹುಡುಗರು ಗಲ್ಫಿನಲ್ಲಿ ಬೇಕಾದಷ್ಟಿದ್ದಾರೆ. ಎಲ್ಲ ಕಡೆ ಕುವೈತಿನಷ್ಟು ಬಿಗಿ ಇಲ್ಲ ಅನ್ನುವುದೂ ನಿಜ. ದುಬೈನಲ್ಲಿ ಹೋಟೆಲಿನವರು ಪರದೆ ಕಟ್ಟಲೇಬೇಕೆಂಬ ನಿಯಮವನ್ನು 2021ರಲ್ಲಿ ಕೈಬಿಟ್ಟರು. ನಿಮ್ಮ ಮಗನಿರುವುದು ದುಬೈನಲ್ಲಲ್ಲ.

ಮತದ ವಿಷಯ. ಉಪವಾಸ ಮಾಡಿದ ಮಾತ್ರಕ್ಕೆ ಯಾರೂ ಮುಸ್ಲಿಮರಾಗುವುದಿಲ್ಲ. ಅಲ್ಲಾಹನೊಬ್ಬನೇ ದೇವರು, ಮಹಮ್ಮದರು ಅವನ ಪ್ರವಾದಿ ಎಂದು ನಂಬಿ, ಬಾಯಿಬಿಟ್ಟು ಹೇಳಿದರೆ ಮಾತ್ರ ಆ ಮತಕ್ಕೆ ಸೇರಿದಂತೆ. ಖರ್ಜೂರಕ್ಕೆ ಅಷ್ಟು ಶಕ್ತಿಯಿಲ್ಲ. ನಿಮ್ಮ ಮಗ ಮಾಡುತ್ತಿರುವುದು, ಮನೆಯಲ್ಲಿ ಹಿರಿಯರು ಏಕಾದಶಿ ಹಿಡಿದಾಗ ಸೊಸೆಯೂ ಅವರೆದುರು ತಟ್ಟೆ ಹಾಕಿಕೊಳ್ಳದೆ ಇರುತ್ತಾಳಲ್ಲ, ಅಂಥದ್ದು. ಒಂದು ದಿನ ಅವನೇ ನಿಮಗೆ ಬೇರೆ ಏನಾದರೂ ಹೇಳಿದರೆ ಆಗ ಮತ್ತೆ ಬರೆಯಿರಿ, ಮಾತಾಡೋಣ. ಇವತ್ತು ಅವನು ಹೇಳಿರುವುದು "ನಾನೊಬ್ಬ ಹೆಂಗೆ ಉಣ್ಣಲಿ" ಅಂತ ಮಾತ್ರ. ಆ ಮಾತು ಕಲಿತದ್ದು ಕುವೈತಿನಲ್ಲಿ ಅಂತ ನನಗನ್ನಿಸುವುದಿಲ್ಲ, ನಿಮ್ಮ ಮನೆಯಲ್ಲೇ ಕಲಿತಿರಬೇಕು.

ಆದರೆ ನಿಮಗೆ ಹೊಳೆಯದ ಒಂದು ಭಯ ನನಗಿದೆ. ಈ ಉಪವಾಸದಲ್ಲಿ ನೀರೂ ಇಲ್ಲ. ಮಾರ್ಚಿನಲ್ಲಿ ಅಲ್ಲಿ ಬೆಳಗಿನ ಜಾವದಿಂದ ಸಂಜೆಯವರೆಗೆ ಸುಮಾರು 13 ಗಂಟೆ. 2015ರಲ್ಲಿ ರಂಜಾನ್ ಜೂನ್–ಜುಲೈನ ಉರಿಬಿಸಿಲಲ್ಲಿ ಬಂದಿತ್ತು, ಅದಕ್ಕೆ ಹೋಲಿಸಿದರೆ ಇದು ಸಲೀಸು. ಆದರೂ ಏಣಿ ಹತ್ತಿ, ತಾರಸಿಯಲ್ಲಿ ಎಸಿಯ ಹೊರಗಿನ ಯೂನಿಟ್ ಬಿಚ್ಚುವವನಿಗೆ ತಲೆ ಸುತ್ತಿದರೆ ಏನಾದೀತು, ಯೋಚಿಸಿ. ಫೋನಿನಲ್ಲಿ ಮತದ ವಿಚಾರ ಎತ್ತುವ ಬದಲು ಇದನ್ನು ಕೇಳಿ: ಬೆಳಗಿನ ಜಾವ ಎದ್ದು ಉಣ್ಣುತ್ತೀಯಾ, ಬರೀ ಟೀ ಕುಡಿದು ಮಲಗುತ್ತೀಯಾ? ನೀರು ಎಷ್ಟು ಕುಡಿಯುತ್ತೀಯ? ಎತ್ತರದ ಕೆಲಸವಿದ್ದ ದಿನ ಏನು ಮಾಡುತ್ತೀಯ? ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ, ಬಸುರಿಯರಿಗೆ ಇಸ್ಲಾಮಿನಲ್ಲೇ ವಿನಾಯಿತಿ ಉಂಟು. ಹಾಗಿರುವಾಗ ನಿಮ್ಮ ಮಗ ಒಂದು ದಿನ ಬಿಟ್ಟರೆ ಆ ಮೂವರು ಮುಖ ತಿರುಗಿಸಿಕೊಳ್ಳುವುದಿಲ್ಲ. ಇನ್ನೊಂದನ್ನೂ ಕೇಳಿ. ಕುವೈತಿನ 2010ರ ಕಾರ್ಮಿಕ ಕಾನೂನಿನ ಪ್ರಕಾರ ರಂಜಾನ್‌ನಲ್ಲಿ ಕೆಲಸ ವಾರಕ್ಕೆ 36 ಗಂಟೆ. ಅವನನ್ನು ಅದಕ್ಕಿಂತ ಹೆಚ್ಚು ದುಡಿಸಿಕೊಳ್ಳುತ್ತಿದ್ದಾರೋ ಏನೋ, ಹುಡುಗರು ಇಂಥದ್ದನ್ನು ತಾಯಂದಿರಿಗೆ ಹೇಳುವುದಿಲ್ಲ. ಹಾಗೇನಾದರೂ ಇದ್ದರೆ ಭಾರತದ ರಾಯಭಾರ ಕಚೇರಿಗೆ ಹೋಗಬಹುದು ಎಂಬುದು ಅವನ ತಲೆಯಲ್ಲಿರಲಿ.

ನೀವು ಬರೆದಿಲ್ಲ, ಆದರೂ ಮಾಂಸದ ಮಾತು ಬಂದೇ ಬರುತ್ತದೆ. ಅವರ ಕೈಯಡುಗೆ ತಿಂದ, ಹಲಾಲ್ ತಿಂದ ಅಂತ. ನಮ್ಮ ಕಡೆ ಮರಿ ಕೊಯ್ಯಲು ಸಾಬರನ್ನು ಕರೆಸಿ ಬಿಸ್ಮಿಲ್ಲಾ ಮಾಡಿಸುತ್ತಿದ್ದ ಊರುಗಳು ಕಡಿಮೆಯಿರಲಿಲ್ಲ, ಹಿರಿಯರನ್ನು ಕೇಳಿ. ಅವನಿಗೆ ವಾರ, ವ್ರತ ಇದ್ದರೆ ಆವತ್ತು ಹಣ್ಣು, ಖರ್ಜೂರ ತಿಂದು ಏಳಲಿ, ಯಾರೂ ಬಲವಂತ ಮಾಡುವುದಿಲ್ಲ. ದನದ ಮಾಂಸ ಬೇಡವೆಂದರೆ ಮೊದಲೇ ಹೇಳಿಡಲಿ. ಕೇರಳದ ಹುಡುಗರಿಗೆ ಇದೆಲ್ಲ ಗೊತ್ತಿರುತ್ತದೆ.

ಈಗ ಭಾವನವರು. ಅವರ ಬಾಯಿ ಮುಚ್ಚಿಸಲು ಮೇಲುಕೋಟೆಯ ದೇವರನ್ನು ಮೆಚ್ಚಿ ಬಂದ ಮುಸ್ಲಿಂ ರಾಜಕುಮಾರಿ ಬೀಬಿ ನಾಚ್ಚಿಯಾರ್ ಕಥೆ ಹೇಳಿ ಎಂದು ಬರೆಯಬಹುದಿತ್ತು. ಅದರಿಂದ ಪ್ರಯೋಜನವಿಲ್ಲ, ಅವರಿಗೆ ಆ ಕಥೆ ನನಗಿಂತ ಚೆನ್ನಾಗಿ ಗೊತ್ತು. 2024ರಲ್ಲಿ ನಾಗಮಂಗಲದ ಗಣೇಶನ ಮೆರವಣಿಗೆಯಲ್ಲಿ ಗಲಾಟೆಯಾಗಿ ಅಂಗಡಿಗಳು ಸುಟ್ಟ ಮೇಲೆ ನಮ್ಮ ಜಿಲ್ಲೆಯಲ್ಲಿ ಇಂಥ ಮಾತಿಗೆ ಕಿಡಿ ಬೇಗ ಹೊತ್ತುತ್ತದೆ, ಆಡುವವರಿಗೂ ಅದು ಗೊತ್ತು. ವಾದಕ್ಕೆ ಇಳಿಯಬೇಡಿ. "ಭಾವ, ಅಲ್ಲಿ ಹಗಲು ರಸ್ತೆಯಲ್ಲಿ ತಿಂದರೆ ಜೈಲಂತೆ, ಹುಡುಗ ಹುಷಾರಾಗಿದ್ದಾನೆ" ಅನ್ನಿ. ಕಾನೂನಿನ ಹೆಸರು ಹೇಳಿದರೆ ಅವರೇ ಮುಂದಿನ ಜಗಲಿಯಲ್ಲಿ ಅದನ್ನು ತಮ್ಮದೇ ಸುದ್ದಿ ಎನ್ನುವಂತೆ ಹೇಳುತ್ತಾರೆ ನೋಡಿ.

ಹೆಣ್ಣಿನ ಕಡೆಯವರಿಗೆ ಮುಚ್ಚಿಡಬೇಡಿ. ಸ್ಟೇಟಸ್ ಅಳಿಸು ಅಂತ ಮಗನಿಗೆ ಹೇಳಬೇಡಿ. ಅಳಿಸಿದರೆ ತಪ್ಪು ಮಾಡಿದೆ ಅಂತ ಅವನೇ ಒಪ್ಪಿದಂತೆ. ಮೇಲಾಗಿ ಮುಂದಿನ ಸಲದಿಂದ ನಿಮಗೆ ಕಾಣದಂತೆ ಹಾಕುವುದನ್ನು ಕಲಿಯುತ್ತಾನೆ. ಕೂತು ಮಾತಾಡುವಾಗ ನೀವೇ ಎತ್ತಿ: ನನ್ನ ಮಗ ಇಂಥ ಕಡೆ, ಇಂಥವರ ಜೊತೆ ಇದ್ದಾನೆ, ಅವರ ಉಪವಾಸಕ್ಕೆ ಇವನೂ ಜೊತೆಯಾಗಿದ್ದಾನೆ. ಅದಕ್ಕೇ ಸಂಬಂಧ ಬೇಡ ಅನ್ನುವವರಿದ್ದರೆ, ನಾಳೆ ಮಗಳನ್ನು ಕುವೈತಿಗೆ ಕಳಿಸುವ ಮಾತು ಬಂದಾಗ ಆ ಮನೆ ಏನೇನು ಅಂದೀತು ಎಂದು ನೀವೂ ಯೋಚಿಸಬೇಕಾದೀತು.

ಇನ್ನು ಹಬ್ಬ. ಯುಗಾದಿ 2026ರಲ್ಲಿ ಮಾರ್ಚ್ 19ಕ್ಕೆ, ಅವರ ಈದ್ ಅದರ ಆಸುಪಾಸಿನಲ್ಲೇ. 2025ರಲ್ಲಂತೂ ನಮ್ಮ ಯುಗಾದಿ, ಕುವೈತಿನ ಈದ್ ಎರಡೂ ಮಾರ್ಚ್ 30ರಂದೇ ಬಂದಿದ್ದವು. ಆಶ್ಚರ್ಯವೇನಿಲ್ಲ, ಇಬ್ಬರೂ ಕಾಯುವುದು ಅಮಾವಾಸ್ಯೆ ಕಳೆದ ಚಂದ್ರನನ್ನೇ. ನಾವು ಮಧ್ಯೆ ಅಧಿಕ ಮಾಸ ಸೇರಿಸಿ ಹಬ್ಬವನ್ನು ಚೈತ್ರದಲ್ಲೇ ನಿಲ್ಲಿಸಿಕೊಳ್ಳುತ್ತೇವೆ. ಅವರು ಸೇರಿಸುವುದಿಲ್ಲ, ಅದಕ್ಕೇ ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಊರಿನಿಂದ ಯಾರಾದರೂ ಅತ್ತ ಹೋಗುವವರಿದ್ದರೆ ಕಜ್ಜಾಯ, ಚಕ್ಕುಲಿ ಕಟ್ಟಿಕೊಡಿ. ನಾಲ್ವರಿಗೆ ಸಾಲುವಷ್ಟು ಕಟ್ಟಿ, ಒಬ್ಬನಿಗಾಗುವಷ್ಟು ಬೇಡ. ಯಾರೂ ಸಿಗದಿದ್ದರೆ ಯುಗಾದಿ ಮರುದಿನ, ಹೊಸತೊಡಕಿನ ಸಂಜೆ ವಿಡಿಯೊ ಕರೆ ಮಾಡಿ, ಭಟ್ಕಳದ ಹುಡುಗನ ಕೈಗೆ ಫೋನ್ ಕೊಡಿಸಿ. ಕನ್ನಡ ಬಲ್ಲವನಿರುತ್ತಾನೆ. ಮಗ ಸರಿಯಾಗಿ ಉಣ್ಣುತ್ತಾನೋ ಇಲ್ಲವೋ ಎಂದು ಅವನನ್ನೇ ಕೇಳಿ, ನಿಮ್ಮ ಮಗನಿಗಿಂತ ಅವನು ನಿಜ ಹೇಳುವ ಸಂಭವ ಹೆಚ್ಚು.