ಹರಿವ ನೀರಿನ ತೊಟ್ಟಿಲು

ಮುಂಗಾರು ಮಲೆನಾಡಿನಲ್ಲಿ ಬಲಗೊಂಡಿತೆಂದರೆ ಶಿವಮೊಗ್ಗೆಯ ಬಳಿ ತುಂಗೆಯೂ ಭದ್ರಾವತಿಯ ಬಳಿ ಭದ್ರೆಯೂ ಕೆನ್ನೀರಿನಿಂದ ತುಂಬಿ ಹರಿಯುತ್ತವೆ. ನೆರೆಯೆಂದರೆ ಮನುಷ್ಯನಿಗೆ ಭಯ. ಗೆಂಡೆ ಜಾತಿಯ ಅನೇಕ ಮೀನುಗಳಿಗಾದರೋ ಅದೇ ಸಂತಾನಾಭಿವೃದ್ಧಿಯ ಶುಭಕಾಲ.

ನಮ್ಮ ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಮೂಲತಃ ಉತ್ತರ ಭಾರತದ ನದಿಗಳವು. ನಿಂತ ನೀರಿನಲ್ಲಿ ಅವು ಪುಷ್ಟವಾಗಿ ಬೆಳೆಯುತ್ತವೆ. ಆದರೆ ಸಾಮಾನ್ಯವಾಗಿ ಅಲ್ಲಿ ಮೊಟ್ಟೆಯಿಡುವುದಿಲ್ಲ. ಹಾಗಾದರೆ ಕೆರೆಗಳಿಗೆ ಮರಿಗಳು ಬರುವುದೆಲ್ಲಿಂದ?

1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿ ಹಾಗೂ ಡಾ. ಅಲಿಕುನ್ಹಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಗಳಿಂದ ಮೊಟ್ಟೆಯಿಡಿಸುವಲ್ಲಿ ಯಶಸ್ವಿಯಾದರು. ಚುಚ್ಚುಮದ್ದಿನಿಂದ ಮೊಟ್ಟೆ ದೊರೆಯಿತು. ಆದರೆ ಆ ಮೊಟ್ಟೆಗಳಿಗೆ ನದಿಯ ಹರಿವನ್ನು ಒದಗಿಸುವವರು ಯಾರು? ಆ ಹೊಣೆ ಕೊಳವೆಗಳನ್ನು ಜೋಡಿಸುವವನ ಪಾಲಿಗೆ ಬಂದಿತು.

ಭದ್ರಾವತಿ ತಾಲ್ಲೂಕಿನ ಬಿ.ಆರ್. ಪ್ರಾಜೆಕ್ಟ್‌ನಲ್ಲಿ, ಭದ್ರಾ ಜಲಾಶಯದ ಸಮೀಪದಲ್ಲಿ, ಮೀನುಗಾರಿಕೆ ಇಲಾಖೆಯ ಮೀನುಮರಿ ಕೇಂದ್ರವಿದೆ. ಇಂತಹ ಕೇಂದ್ರಗಳಲ್ಲಿ ಬಳಕೆಗೆ ಬಂದಿರುವುದು ಚೀನೀ ಮಾದರಿಯ ವೃತ್ತಾಕಾರದ ಮೊಟ್ಟೆಮನೆ. ಅದರ ಅಂಗಗಳು ಮೂರು: ಎತ್ತರದ ನೀರಿನ ತೊಟ್ಟಿ, ಮೀನುಗಳು ಮೊಟ್ಟೆಯಿಡುವ ಕೊಳ, ಮೊಟ್ಟೆಗಳು ಒಡೆದು ಮರಿಯಾಗುವ ಕೊಳ.

ಕೊಳವು ದುಂಡಗಿರುವುದಕ್ಕೆ ಕಾರಣವಿದೆ. ಮೂಲೆಗಳಿದ್ದಲ್ಲಿ ನೀರು ನಿಲ್ಲುತ್ತದೆ. ನೀರು ನಿಂತಲ್ಲಿ ಮೊಟ್ಟೆಗಳು ಗುಡ್ಡೆಬಿದ್ದು, ಆಮ್ಲಜನಕವಿಲ್ಲದೆ ಸಾಯುತ್ತವೆ. ಮರಿಮಾಡುವ ಕೊಳದ ತಳದಲ್ಲಿ ಬಾತುಕೋಳಿಯ ಕೊಕ್ಕಿನಂತಹ ಕೊಳವೆಬಾಯಿಗಳು ಒಂದೇ ದಿಕ್ಕಿಗೆ ಓರೆಯಾಗಿ ನಿಂತಿರುತ್ತವೆ. ಅವುಗಳಿಂದ ಚಿಮ್ಮುವ ನೀರು ಸುತ್ತುತ್ತ ಮೇಲೇರಿ ಮೊಟ್ಟೆಗಳನ್ನು ತೇಲಿಸುತ್ತದೆ. ನಡುವೆ ಸಣ್ಣ ಕಣ್ಣಿನ ಬಲೆಯ ಗೋಡೆಯಿದೆ. ನೀರು ಅದನ್ನು ದಾಟಿ ಮಧ್ಯದ ಕೊಳವೆಯಿಂದ ಹೊರಗೆ ಹೋಗುತ್ತದೆ. ಮೊಟ್ಟೆಗಳು ಒಳಗೇ ಉಳಿಯುತ್ತವೆ. ಬಲೆಯ ವಿಸ್ತಾರ ಕಿರಿದಾದರೆ ಸೆಳೆತ ಹೆಚ್ಚಿ ಮೊಟ್ಟೆಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಬಲೆ ಕಟ್ಟಿ ಕೊಳವೇ ಉಕ್ಕಿಹರಿಯುತ್ತದೆ.

ಹರಿವಿನ ವೇಗವೂ ಹದವಾಗಿರಬೇಕು. ಮಂದವಾದರೆ ಮೊಟ್ಟೆಗಳು ತಳ ಸೇರುತ್ತವೆ. ರಭಸವಾದರೆ ಅವುಗಳ ತೆಳುವಾದ ಹೊರಪೊರೆ ಹರಿಯುತ್ತದೆ. ಬೆಚ್ಚಗಿನ ನೀರಿನಲ್ಲಿ ಸುಮಾರು 14ರಿಂದ 18 ಗಂಟೆಗಳಲ್ಲಿ ಮೊಟ್ಟೆಯೊಡೆಯುತ್ತದೆ. ಆಗ ಹೊರಬಂದ ಎಳೆಮರಿಗೆ ಈಜುವ ಶಕ್ತಿಯಿಲ್ಲ. ಆದ್ದರಿಂದ ಕವಾಟವನ್ನು ತಿರುಗಿಸಿ ನೀರಿನ ವೇಗವನ್ನು ಇಳಿಸುತ್ತಾರೆ. ಸುಮಾರು ಮೂರು ದಿನ ಅದು ತನ್ನೊಡಲಿನ ಭಂಡಾರಚೀಲದ ಆಹಾರದಿಂದಲೇ ಬದುಕುತ್ತದೆ.

ನಡುರಾತ್ರಿಯಲ್ಲಿ ವಿದ್ಯುತ್ ನಿಂತಿತೆನ್ನೋಣ. ಪಂಪು ನೇರವಾಗಿ ಕೊಳಕ್ಕೆ ನೀರೂಡುತ್ತಿದ್ದರೆ ಲಕ್ಷಾಂತರ ಜೀವಗಳು ಬೆಳಗಾಗುವುದರೊಳಗೆ ನಾಶವಾಗುತ್ತಿದ್ದವು. ಆದರೆ ಪಂಪು ತುಂಬಿಸುವುದು ಎತ್ತರದ ತೊಟ್ಟಿಯನ್ನು. ಅಲ್ಲಿಂದ ಕೊಳಕ್ಕೆ ನೀರನ್ನಿಳಿಸುವುದು ಗುರುತ್ವಾಕರ್ಷಣೆ. ತೊಟ್ಟಿಯಲ್ಲಿ ನೀರಿರುವವರೆಗೆ ತೊಟ್ಟಿಲು ತೂಗುತ್ತಲೇ ಇರುತ್ತದೆ. ಕೆಟ್ಟ ಗಳಿಗೆಯನ್ನು ಮೊದಲೇ ನೆನೆದು ಅದಕ್ಕೆ ಸಿದ್ಧನಾಗುವವನೇ ನಿಜವಾದ ಶಿಲ್ಪಿ.

ತೊಟ್ಟಿ, ಕೊಳವೆ, ಕವಾಟ, ಬಲೆ, ಹಗಲಿರುಳೂ ಎಚ್ಚರವಿರುವ ಕಾವಲುಗಾರ—ಇಷ್ಟೆಲ್ಲ ಸೇರಿ ಮಾಡುವ ಕೆಲಸವನ್ನು ಮಳೆಗಾಲದ ನದಿ ಯಾವ ಪ್ರತಿಫಲವನ್ನೂ ಬೇಡದೆ ಮಾಡುತ್ತದೆ. ಆ ದುಂಡುಕೊಳದ ಮುಂದೆ ನಿಂತವರಿಗೆ ಮಾನವನ ಜಾಣ್ಮೆಯ ಬಗೆಗೆ ಹೆಮ್ಮೆಯೆನಿಸುವುದು ಸಹಜ. ಅದರೊಡನೆ, ಹತ್ತಿರದಲ್ಲೇ ಹರಿಯುವ ಭದ್ರೆಯನ್ನು ನಿರ್ಮಲವಾಗಿ ಹರಿಯಗೊಡಬೇಕೆಂಬ ಅರಿವೂ ಮೂಡಿದರೆ ನೋಡಿದ್ದು ಸಾರ್ಥಕ.