ಪರಿಮಳದ ಹದ

ಹದವರಿತು ಬಿತ್ತಬೇಕು, ಹದವರಿತು ಕೊಯ್ಯಬೇಕು. ಇದು ನಮ್ಮ ರೈತರು ತಲೆಮಾರುಗಳಿಂದ ಅರಿತ ಮಾತು. ಎಳ್ಳಿನ ಕೊಯ್ಲು ತಡವಾದರೆ ಕಾಯಿ ಒಡೆದು ಕಾಳು ನೆಲಕ್ಕುದುರುತ್ತದೆ. ಆ ನಷ್ಟ ಕಣ್ಣಿಗೆ ಕಾಣುತ್ತದೆ. ಸುಗಂಧತೈಲದ ಬೆಳೆಗಳಲ್ಲಿ ಹಾಗಲ್ಲ. ಹೂವು ಹೂವಾಗಿಯೇ ಇರುತ್ತದೆ, ಮರವು ಮರವಾಗಿಯೇ ನಿಂತಿರುತ್ತದೆ. ಒಳಗಿನ ತೈಲ ಮಾತ್ರ ಇರುವುದಿಲ್ಲ.

ಸುಗಂಧತೈಲವು ಬೇಗನೆ ಆವಿಯಾಗಿ ಗಾಳಿಯಲ್ಲಿ ಬೆರೆತುಹೋಗುವ ಸ್ವಭಾವದ್ದು. ಬಲ್ಗೇರಿಯ ದೇಶದ ಕಜನ್ಲಾಕ್ ಕಣಿವೆಯು ಗುಲಾಬಿ ತೈಲಕ್ಕೆ ಹೆಸರಾದುದು. ಅಲ್ಲಿ ನಸುಕಿನಲ್ಲಿಯೇ ಹೂ ಬಿಡಿಸಲು ತೊಡಗುತ್ತಾರೆ. ಬಿಸಿಲೇರಿದಂತೆ ಹೂವಿನ ತೈಲ ಕುಗ್ಗುತ್ತದೆ. ಒಂದು ಕಿಲೋಗ್ರಾಂ ತೈಲಕ್ಕೆ ಸುಮಾರು 3,000ದಿಂದ 4,000 ಕಿಲೋಗ್ರಾಂ ಹೂವು ಬೇಕಾಗುವುದರಿಂದ, ಕೆಲವು ಗಂಟೆಗಳ ಆಲಸ್ಯವೂ ದೊಡ್ಡ ನಷ್ಟವೇ ಸರಿ.

ಗುಲಾಬಿಯ ಹದವು ಗಂಟೆಗಳದಾದರೆ, ನಮ್ಮ ನಾಡಿನ ದವನದ ಹದವು ದಿನಗಳದು. ದೇವರ ಪೂಜೆಗೂ ಹೂಮಾಲೆಗೂ ಒದಗುವ ಈ ಪುಟ್ಟ ಗಿಡವು ಚಳಿಗಾಲದ ಬೆಳೆ. ಇದರ ತೈಲವು ಮುಖ್ಯವಾಗಿ ಹೂಗಳಲ್ಲಿ ನೆಲೆಸಿರುತ್ತದೆ. ಮೊಗ್ಗಿನಲ್ಲಿಯೇ ಕೊಯ್ದರೆ ತೈಲ ಕಡಿಮೆ. ಬೀಜ ಕಟ್ಟುವವರೆಗೆ ಬಿಟ್ಟರೂ ಕಡಿಮೆ. ಹೊಲದ ಬಹುಪಾಲು ಹೂಗಳು ಅರಳಿರುವ ಕೆಲವೇ ದಿನಗಳು ಕೊಯ್ಲಿಗೆ ತಕ್ಕವು.

ಶ್ರೀಗಂಧದ ಹದವನ್ನಾದರೋ ವರ್ಷಗಳಲ್ಲಿ ಎಣಿಸಬೇಕು. ಈ ಮರದ ಹೊರಗಿನ ಬಿಳಿಯ ಭಾಗಕ್ಕೆ ಪರಿಮಳವಿಲ್ಲ. ತೈಲವಿರುವುದು ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಆದುದರಿಂದಲೇ ಬಲಿತ ಮರವನ್ನು ಕಡಿಯದೆ, ಬೇರುಸಹಿತ ಅಗೆದು ತೆಗೆಯುವರು. ಚೇಗು ಮೂಡಲು ಸಾಮಾನ್ಯವಾಗಿ ಹತ್ತು ವರ್ಷಗಳಾದರೂ ಬೇಕು. ಅದು ಚೆನ್ನಾಗಿ ಬಲಿಯಲು ಮೂವತ್ತು ವರ್ಷಗಳೇ ಹಿಡಿಯಬಹುದು.

ಹಿಂದೆ ರೈತನ ಜಮೀನಿನಲ್ಲಿ ಬೆಳೆದ ಗಂಧದ ಮರವೂ ಸರಕಾರದ ಸ್ವತ್ತಾಗಿತ್ತು. 2001ರಲ್ಲಿ ಕರ್ನಾಟಕವು ಕಾನೂನನ್ನು ತಿದ್ದಿ, ಅದರ ಒಡೆತನವನ್ನು ಜಮೀನಿನ ಒಡೆಯನಿಗೇ ಕೊಟ್ಟಿತು. ಅಂದಿನಿಂದ ಮರವನ್ನು ಕಾಯುವ ಹೊಣೆಯ ಜೊತೆಗೆ ಕಾದಿರುವ ತಾಳ್ಮೆಯೂ ರೈತನ ಪಾಲಿಗೆ ಬಂದಿತು. ಹಣದ ಅವಸರಕ್ಕೆ ಒಡೆಯನು ಕೊಡಲಿ ಎತ್ತಿದರೂ, ಇರುಳಿನಲ್ಲಿ ಕಳ್ಳನು ಎತ್ತಿದರೂ ಎಳೆಯ ಮರದೊಳಗೆ ದೊರೆಯುವುದು ಬೆರಳು ಗಾತ್ರದ ಚೇಗು ಮಾತ್ರ. ಅದಕ್ಕಾಗಿ ಮುಂದಿನ ಇಪ್ಪತ್ತು ವರ್ಷಗಳ ಪರಿಮಳವೇ ಹಾಳಾಗುತ್ತದೆ.

ವಿದ್ಯಾರ್ಥಿಗಳೇ, ಇಂದು ನೀವು ಒಂದು ಗಂಧದ ಸಸಿಯನ್ನು ನೆಟ್ಟರೆ, ಅದು ಹದಕ್ಕೆ ಬರುವ ಹೊತ್ತಿಗೆ ನಿಮಗೆ ನಲವತ್ತು ವರ್ಷ ದಾಟಿರುತ್ತದೆ. ಅಷ್ಟು ಕಾಲ ಕಾಯಬಲ್ಲವನಿಗೆ ಮಾತ್ರ ಶ್ರೀಗಂಧವು ಒಲಿಯುತ್ತದೆ.